ಮೊಳೆ ಹೊಡೆಯಬಾರದು ಎಂಬ ಕಲಂ

ನಮ್ಮ ಬಿಳೇಕಹಳ್ಳಿಯಲ್ಲಿ ಮನೆ ಕೇಳಿಕೊಂಡು ಬರುವವರಿಗೆ ಮಾಲೀಕರು ಹೇಳುವ ಮಾತುಗಳಲ್ಲಿ ಮೂರು ಎಂದೂ ತಪ್ಪುವುದಿಲ್ಲ. ನೀರನ್ನು ನೋಡಿಕೊಂಡು ಬಳಸಬೇಕು. ರಾತ್ರಿ ಹತ್ತೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು. ಮೊದಲ ಎರಡಕ್ಕೆ ಕಾರಣವಿದೆ. ಬನ್ನೇರುಘಟ್ಟ ರಸ್ತೆಯ ಈ ಮಗ್ಗುಲಿನಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವವರು ನಾವು. ಕಳ್ಳರ ಕಾಟವೂ ಇಲ್ಲದಿಲ್ಲ. ಇಂದು ಬರೆಯಬೇಕೆನಿಸಿರುವುದು ಮೂರನೆಯದರ ಬಗ್ಗೆ. ಇದನ್ನು ಬರೆಯುವ ಅಧಿಕಾರ ನನಗೆ ಎರಡು ಕಡೆಯಿಂದಲೂ ಬಂದಿದೆ. 1979ರಿಂದ 1997ರವರೆಗೆ ಹದಿನೆಂಟು ವರ್ಷ ಬಾಡಿಗೆಮನೆಗಳಲ್ಲಿದ್ದೆ. 2009ರಲ್ಲಿ ಮೇಲೊಂದು ಅಂತಸ್ತು ಕಟ್ಟಿದಂದಿನಿಂದ ಬಾಡಿಗೆ ಎಣಿಸಿಕೊಳ್ಳುತ್ತಿದ್ದೇನೆ. ಆದ್ದರಿಂದ ಇಲ್ಲಿನ ಬೈಗುಳ ಮೊದಲು ತಗಲುವುದು ನನಗೇ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ.

ಈಚಿನ ವರ್ಷಗಳಲ್ಲಿ ಮೊಳೆಯ ಜಗಳವೆಲ್ಲ ಟಿ.ವಿ.ಯ ಜಗಳವಾಗಿ ಮಾರ್ಪಟ್ಟಿದೆ. ಹಿಂದಿನ ಟಿ.ವಿ.ಗೆ ದೊಡ್ಡ ಬೆನ್ನಿತ್ತು. ಅದನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು, ಒಮ್ಮೆ ಮೇಜಿನ ಮೇಲೆ ಕೂರಿಸಿದರೆ ಕೂತಲ್ಲೇ ಕೂತಿರುತ್ತಿತ್ತು. ಈಗಿನದು ಹಲಗೆಯಷ್ಟು ತೆಳು. ನಲವತ್ತಮೂರು ಅಂಗುಲದ್ದಾದರೂ ತೂಕ ಹತ್ತು ಕಿಲೋ ಆಸುಪಾಸು. ಎರಡು ಪುಟ್ಟ ಕಾಲುಗಳ ಮೇಲೆ ಕೊಕ್ಕರೆಯಂತೆ ನಿಂತಿರುತ್ತದೆ. ಅದರ ಬೆನ್ನಿನಲ್ಲಿ ನಾಲ್ಕು ತೂತುಗಳನ್ನು ಮಾಡಿಯೇ ಕಳುಹಿಸುತ್ತಾರೆ, ಗೋಡೆಗೆ ತೂಗುಹಾಕಲೆಂದು. ಟಿ.ವಿ. ಜೋಡಿಸಲು ಬಂದ ಹುಡುಗ “ಗೋಡೆಗೋ, ಟೇಬಲ್ಲಿಗೋ?” ಎಂದು ಕೇಳುತ್ತಾನೆ. ಆಗ ಬಾಡಿಗೆದಾರ ಮೆಟ್ಟಿಲಿಳಿದು ಬಂದು ಮಾಲೀಕರ ಬಾಗಿಲು ತಟ್ಟುತ್ತಾನೆ. ಮೂವತ್ತು ನಲವತ್ತು ಸಾವಿರ ಕೊಟ್ಟು ತಂದ ಸ್ವಂತ ವಸ್ತುವನ್ನು ಎಲ್ಲಿಡಬೇಕೆಂದು ಇನ್ನೊಬ್ಬರನ್ನು ಕೇಳುವಾಗ ಅವನ ಮುಖ ಹೇಗಿರುತ್ತದೆಂಬುದು ಕೇಳಿಸಿಕೊಂಡವರಿಗೇ ಗೊತ್ತು. ರಜೆಚೀಟಿ ಹಿಡಿದು ಬರುತ್ತಿದ್ದ ಎಂಟನೆಯ ತರಗತಿಯ ಹುಡುಗರ ಮುಖ ನೆನಪಾಗುತ್ತದೆ.

ನಾನು ಹುಟ್ಟಿದ್ದು ತುರುವೇಕೆರೆ ಕಡೆಯ ಒಂದು ಮಣ್ಣಿನ ಮನೆಯಲ್ಲಿ. ಆ ಗೋಡೆಗಳನ್ನು ಈಗ ನೆನೆದರೆ ಬೆರಗಾಗುತ್ತದೆ. ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಮರದ ಗೂಟಗಳು. ಅವುಗಳಿಗೆ ನೇಗಿಲ ಹಗ್ಗ, ಕಂಬಳಿ, ಅಪ್ಪನ ಅಂಗಿ, ಶ್ಯಾನುಭೋಗರು ಬಂದರೆ ಅವರ ಕೊಡೆ. ನಡುಮನೆಯಲ್ಲಿ ನಾಗಂದಿಗೆ, ಅದರ ಮೇಲೆ ಪುಸ್ತಕ, ಪಂಚಾಂಗ, ತಾಮ್ರದ ಚೊಂಬು. ಬಾಗಿಲ ಪಕ್ಕದಲ್ಲಿ ದೀಪದ ಗೂಡು. ಯಾರೂ ಇವನ್ನು ಆಮೇಲೆ ಕೊರೆದದ್ದಲ್ಲ. ಗೋಡೆ ಎಬ್ಬಿಸುವಾಗಲೇ ಗೂಟಗಳನ್ನು ಮಣ್ಣಿನೊಳಗೆ ಕೂರಿಸುತ್ತಿದ್ದರು. ವಾಸಿಸುವವರಿಗೆಂದು ಮನೆ ಕಟ್ಟಿದ ಮೇಸ್ತ್ರಿಗೆ ಗೋಡೆಯಿರುವುದು ಭಾರ ಹೊರಲೆಂಬುದು ತಿಳಿದಿತ್ತು. ಬಾಡಿಗೆಗೆಂದು ಮನೆ ಕಟ್ಟುವ ಕಾಲ ಬಂದಾಗ ಗೂಟವೂ ಹೋಯಿತು, ಗೂಡೂ ಹೋಯಿತು. ನುಣ್ಣನೆಯ ಗೋಡೆ ಉಳಿಯಿತು, ಅದರ ಜತೆಗೆ “ಮುಟ್ಟಬೇಡಿ” ಎಂಬ ಮಾತೂ ಉಳಿಯಿತು.

ತ್ಯಾಗರಾಜನಗರದ ಒಂದು ವಠಾರದಲ್ಲಿ ನನ್ನ ಸಂಸಾರ ಆರಂಭವಾಯಿತು. ಒಂಬತ್ತು ಬಿಡಾರ, ಎರಡು ನಲ್ಲಿ. ಅಲ್ಲಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರ ಕಟ್ಟಿ ನೇತುಹಾಕುತ್ತಿದ್ದೆವು. ಗಾಳಿ ಬೀಸಿದರೆ ತಿಂಗಳುಗಳು ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂತು. 1984ರಲ್ಲಿ ನಾನೂ ಕಂತಿನಲ್ಲಿ ಒಂದು ಕಪ್ಪುಬಿಳುಪು ಪೆಟ್ಟಿಗೆಯನ್ನು ತಂದೆ. ಟಿ.ವಿ.ಯನ್ನು ಮೇಜಿನ ಮೇಲಿಟ್ಟದ್ದಾಯಿತು, ಆಂಟೆನಾ ಎಲ್ಲಿ? ತಾರಸಿ ಮಾಲೀಕರದು. ಮೂರು ಸಂಜೆ ಅವರ ಜಗಲಿಯಲ್ಲಿ ಕುಳಿತು ಕಾದ ಮೇಲೆ ಅಪ್ಪಣೆಯಾಯಿತು: ತಿಂಗಳಿಗೆ ಹತ್ತು ರೂಪಾಯಿ ಹೆಚ್ಚಿಗೆ. ತಾರಸಿಗೆ ತೂತು ಮಾಡುವಂತಿಲ್ಲ, ನೀರಿನ ತೊಟ್ಟಿಯ ಕಂಬಿಗೆ ಕಟ್ಟಿಕೊಳ್ಳಬೇಕು. ಮಳೆಗಾಲದ ಗಾಳಿಗೆ ಅದು ತಿರುಗಿದಾಗಲೆಲ್ಲ ನಾನು ಮೇಲೆ, ಮಡದಿ ಕೆಳಗೆ, “ಬಂತಾ?” “ಇಲ್ಲ, ಇನ್ನೂ ಸ್ವಲ್ಪ ಆ ಕಡೆ!” 1987ರಲ್ಲಿ ಭಾನುವಾರದ ರಾಮಾಯಣ ಶುರುವಾದಾಗ ಅದೇ ಮಾಲೀಕರು ತಮ್ಮ ಹಜಾರದ ಬಣ್ಣದ ಟಿ.ವಿ.ಯ ಮುಂದೆ ಇಡೀ ವಠಾರವನ್ನು ಕೂರಿಸಿಕೊಂಡು ಪಾನಕ ಕೊಡುತ್ತಿದ್ದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವರು ಕೆಟ್ಟವರಲ್ಲ. ಮಾಲೀಕತ್ವ ಎಂಬುದು ಒಳ್ಳೆಯವರನ್ನೂ ಹಿಡಿಯುವ ಒಂದು ವಾಯು, ಅಷ್ಟೆ.

1997ರಲ್ಲಿ ಕೊನೆಯ ಬಾಡಿಗೆಮನೆಯನ್ನು ಬಿಟ್ಟಾಗ ಅಲ್ಲಿಯ ಮಾಲೀಕರು ಟಾರ್ಚು ಹಿಡಿದು ಗೋಡೆಗಳ ಪರೀಕ್ಷೆ ಮಾಡಿದರು. ಹದಿನಾಲ್ಕು ತೂತುಗಳು. ಅವುಗಳಲ್ಲಿ ಐದು ನಮಗಿಂತ ಹಿಂದಿನವರದೆಂದರೂ ಕೇಳಲಿಲ್ಲ. ತೂತಿಗೆ ಐವತ್ತರಂತೆ ಏಳುನೂರು ಹಿಡಿದರು, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನೂ ಬೇರೆಯಾಗಿ ಹಿಡಿದರು. ಹದಿನೈದು ದಿನಗಳ ನಂತರ ಮರೆತುಬಂದ ಒಂದು ಪಾತ್ರೆಗೆಂದು ಹೋದರೆ ಹೊಸ ಸಂಸಾರ ಬಂದಿಳಿದಿತ್ತು. ಗೋಡೆಗೆ ಬಣ್ಣವಿರಲಿ, ಸುಣ್ಣದ ಕುಂಚವೂ ತಾಗಿರಲಿಲ್ಲ. ನನ್ನ ಹದಿನಾಲ್ಕು ತೂತುಗಳಲ್ಲಿ ಒಂದಕ್ಕೆ ಅವರು ಆಗಲೇ ಗಡಿಯಾರ ತೂಗುಹಾಕಿದ್ದರು. “ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ” ಎಂಬ ಗಾದೆಗೆ ಅರ್ಥ ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಅನೇಕ ಸಲ ಕೊಟ್ಟಿದ್ದೇನೆ. ಉತ್ತರ ನನಗೆ ತಿಳಿದದ್ದು ಆ ದಿನ.

ಈಗ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದರೆ ಹತ್ತು ತಿಂಗಳ ಬಾಡಿಗೆ ಎಂಬುದು ಬಹುಕಾಲ ನಡೆದುಬಂದ ಪದ್ಧತಿ. ಈಗ ಕೆಲವರು ಆರಕ್ಕೆ ಇಳಿದಿದ್ದಾರೆ. ನನ್ನ ಮೇಲ್ಮನೆಯ ಬಾಡಿಗೆ 22,000 ರೂಪಾಯಿ. ಆರು ತಿಂಗಳದೆಂದರೆ 1,32,000. ನೂರಕ್ಕೆ ಆರರ ಬಡ್ಡಿ ಹಿಡಿದರೂ ವರ್ಷಕ್ಕೆ 7,920 ರೂಪಾಯಿ ನನ್ನ ಕೈಸೇರುತ್ತದೆ, ಅವರಿಗೆ ಬಿಡಿಗಾಸೂ ಇಲ್ಲ. ಮನೆ ಬಿಡುವಾಗ ಬಣ್ಣಕ್ಕೆಂದು ಇನ್ನೊಂದು 22,000. ಹನ್ನೊಂದು ತಿಂಗಳಿದ್ದವರಿಗೂ ಅಷ್ಟೇ, ಆರು ವರ್ಷವಿದ್ದವರಿಗೂ ಅಷ್ಟೇ! ಬಣ್ಣದವರು ಬ್ರಷ್ ಮುಟ್ಟುವ ಮೊದಲು ಗೋಡೆಯ ತೂತುಗಳಿಗೆಲ್ಲ ಪುಟ್ಟಿ ತುಂಬಿ ಉಜ್ಜಿಯೇ ಉಜ್ಜುತ್ತಾರೆ, ಅದು ಬಣ್ಣದ ಕೆಲಸದಲ್ಲಿಯೇ ಸೇರಿದ್ದು. ಹಾಗಿದ್ದ ಮೇಲೆ ಟಿ.ವಿ.ಯ ನಾಲ್ಕು ತೂತುಗಳಿಗೆ ಬೇರೆ ದಂಡವೇಕೆ? ಒಂದೇ ಗಾಯಕ್ಕೆ ಎರಡು ಸಲ ಔಷಧದ ದುಡ್ಡು ವಸೂಲು ಮಾಡುವ ವೈದ್ಯನನ್ನು ನಾವು ಏನೆಂದು ಕರೆಯುತ್ತೇವೆ?

ಕಾನೂನು ಏನು ಹೇಳುತ್ತದೆಂದು ನಮ್ಮ ಬೀದಿಯ ಮಾಲೀಕರನ್ನು ಕೇಳಿದರೆ “ನಮ್ಮ ಮನೆ, ನಮ್ಮ ಕಾನೂನು” ಎನ್ನುತ್ತಾರೆ. ಹಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮನ್ನು ಈಚೆಗೆ ಕುಳಿತು ಓದಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ವಿವೇಕವುಳ್ಳ ಮನುಷ್ಯನೊಬ್ಬ ತನ್ನ ಸ್ವಂತ ಆಸ್ತಿಯನ್ನು ಬಳಸುವಂತೆ ಅದನ್ನು ಬಳಸಬಹುದು ಎನ್ನುತ್ತದೆ ಅದು. ಕಟ್ಟಡವನ್ನು ಕೆಡವಬಾರದು, ಹಾಳುಮಾಡಬಾರದು. ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸಬಾರದು. ತಾನು ಜೋಡಿಸಿಕೊಂಡದ್ದನ್ನು ಮನೆ ತನ್ನ ವಶದಲ್ಲಿರುವಾಗ ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಬಳಕೆಯಿಂದ ಸಹಜವಾಗಿ ಆಗುವ ಸವೆತ ಲೆಕ್ಕಕ್ಕಿಲ್ಲ. ಅದೇ ಕಾಯಿದೆಯ 3ನೆಯ ಕಲಂ ಇನ್ನೂ ಸೊಗಸಾಗಿದೆ. ಒಂದು ವಸ್ತು ನೆಲಕ್ಕೆ ಅಂಟಿದ ಆಸ್ತಿಯ ಭಾಗವಾಯಿತೆನ್ನಬೇಕಾದರೆ, ಅದನ್ನು ಯಾವುದಕ್ಕೆ ಜೋಡಿಸಿದೆಯೋ ಅದರ ಶಾಶ್ವತ ಉಪಭೋಗಕ್ಕಾಗಿಯೇ ಜೋಡಿಸಿರಬೇಕು. ಟಿ.ವಿ.ಯನ್ನು ಜೋಡಿಸುವುದು ಗೋಡೆಯ ಉಪಭೋಗಕ್ಕಾಗಿಯೆ? ಗೋಡೆ ಧಾರಾವಾಹಿ ನೋಡುವುದಿಲ್ಲ.

ಇಷ್ಟು ಹಳೆಯ ಕಾಯಿದೆ ಇಷ್ಟು ಹದವಾಗಿ ತೂಗಿ ಹೇಳಿದ್ದನ್ನು ನಾವು ‘ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ’ ಎಂಬ ಒಂದು ಕಿಂಡಿಯಿಂದ ನುಸುಳಿ ತಪ್ಪಿಸಿಕೊಂಡಿದ್ದೇವೆ. ಬೆರಳಚ್ಚಿನ ಅಂಗಡಿಯ ಕಂಪ್ಯೂಟರಿನಲ್ಲಿ ಹನ್ನೊಂದು ತಿಂಗಳ ಕರಾರು ಸಿದ್ಧವಾಗಿಯೇ ಇರುತ್ತದೆ. ಹೆಸರು, ಮೊತ್ತ, ತಾರೀಖು ತುಂಬಿದರೆ ಮುಗಿಯಿತು. ಮೊಳೆ ಹೊಡೆಯಬಾರದೆಂಬ ಕಲಂ ಅದರಲ್ಲಿ ಮೊದಲೇ ಕೂತಿರುತ್ತದೆ. ಬಾಡಿಗೆದಾರ ಸಹಿ ಹಾಕದೆ ಏನು ಮಾಡಿಯಾನು? ಹಳೆಯ ಮನೆಯಿಂದ ಸಾಮಾನು ಹೊತ್ತ ಟೆಂಪೊ ಆಗಲೇ ಹೊರಟಿರುತ್ತದೆ.

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದಿತು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳಿಗೆ ಬಣ್ಣ, ಇವನ್ನು ಮಾಲೀಕನ ಪಾಲಿನ ಕೆಲಸಗಳ ಪಟ್ಟಿಯಲ್ಲಿ ಬರೆಯಿತು. ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನ ಕಾನೂನಿಗೆ ಅದನ್ನು ತಂದುಕೊಳ್ಳದೆ ಯಾರನ್ನೂ ಕಟ್ಟಿಹಾಕದು. ಆದರೂ ನ್ಯಾಯ ಯಾವ ಕಡೆಗಿದೆ ಎಂಬುದನ್ನು ತಿಳಿಯಲು ಮಾದರಿಯೂ ಸಾಕು.

ಮಾಲೀಕರ ಭಯಕ್ಕೆ ಬೇರೆಯೇ ಒಂದು ಬೇರಿದೆ ಎಂದು ನನಗನ್ನಿಸುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲವನ್ನು ಕಂಡವರು ಅದನ್ನು ಮರೆತಿಲ್ಲ. ಆಗ ಮನೆ ಖಾಲಿಯಾದರೆ ಅಧಿಕಾರಿಗೆ ತಿಳಿಸಬೇಕಾಗಿತ್ತು. ಒಕ್ಕಲೆಬ್ಬಿಸಬೇಕಾದರೆ ಕಾಯಿದೆ ಹೇಳಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಅಪ್ಪ ಹೂಡಿದ ಮೊಕದ್ದಮೆಯನ್ನು ಮಗ ಮುಂದುವರಿಸಿದ ಸಂಸಾರಗಳು ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ಇದ್ದವು. ಮೊಳೆ ಹೊಡೆದವನು ಝಂಡಾ ಊರುತ್ತಾನೆ ಎಂಬ ನಂಬಿಕೆ ಆಗ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಬಿಳೇಕಹಳ್ಳಿಯಲ್ಲಿ ಇಂದು ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಹೇಳಿ. ಭಯಕ್ಕೆ ಕಾರಣವಾದದ್ದು ಹೋಗಿ ಕಾಲು ಶತಮಾನವಾಯಿತು. ಭಯವನ್ನು ಮಾತ್ರ ಪಿತ್ರಾರ್ಜಿತದಂತೆ ಕಾಪಾಡಿಕೊಂಡು ಬಂದಿದ್ದೇವೆ.

ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಿಷೇಧ ಎಲ್ಲ ಮೊಳೆಗಳಿಗೂ ಒಂದೇ ಅಲ್ಲ. ನಮ್ಮ ಪಕ್ಕದ ಅಡ್ಡರಸ್ತೆಯ ಒಂದು ಮನೆಯಲ್ಲಿ ವೆಂಕಟರಮಣನ ಪಟಕ್ಕೆ ಮಾಲೀಕರೇ ಮುಂದೆ ನಿಂತು ಮೊಳೆ ಹೊಡೆಸಿದ್ದನ್ನು ಕಂಡಿದ್ದೇನೆ. ಎರಡು ವರ್ಷದ ಮೇಲೆ ಅದೇ ಮನೆಗೆ ಬಂದವರು ಅಂಬೇಡ್ಕರರ ಪಟ ಹಿಡಿದು ಕೇಳಿದಾಗ ಪ್ಲಾಸ್ಟರು ಉದುರುತ್ತದೆ ಎಂಬ ಉತ್ತರ ಸಿಕ್ಕಿತು. ಪಟ ಹೆಚ್ಚೆಂದರೆ ಒಂದು ಕಿಲೋ ತೂಗೀತು. ಅಲ್ಲಿ ಭಾರವೆನಿಸಿದ್ದು ಬೇರೆ ಏನೋ. ಹತ್ತಿರದ ಆಸ್ಪತ್ರೆಗಳ ನರ್ಸ್ ಹುಡುಗಿಯರು ಶಿಲುಬೆಯನ್ನು ಕಪಾಟಿನೊಳಗೆ ಇಟ್ಟುಕೊಂಡು ಪ್ರಾರ್ಥಿಸುವುದೂ ನಮ್ಮ ಬೀದಿಯಲ್ಲಿಯೇ.

ನನ್ನ ಕಥೆಗೆ ಬರುತ್ತೇನೆ. ಮೇಲ್ಮನೆಗೆ ಎರಡು ವರ್ಷದ ಹಿಂದೆ ಹಾವೇರಿ ಕಡೆಯ ಸಂಸಾರವೊಂದು ಬಂತು. ಗಂಡ, ಹೆಂಡತಿ, ಆಗಿನ್ನೂ ತೆವಳುತ್ತಿದ್ದ ಮಗು. ಬಂದ ತಿಂಗಳಲ್ಲಿಯೇ ಆ ಹುಡುಗ ಕೇಳಿದ: “ಸರ್ರ, ಗ್ವಾಡಿಗೆ ಟಿ.ವಿ. ಹಾಕಸ್ಲೇನ್ರಿ?” ಹದಿನಾಲ್ಕು ತೂತುಗಳ ಲೆಕ್ಕ ಕೊಟ್ಟು ಬಂದಿದ್ದ ನಾನು, ಅದೇ ನಾನು, “ಗೋಡೆ ಹಾಳಾಗುತ್ತದಪ್ಪಾ, ಕರಾರಿನಲ್ಲಿಯೇ ಇದೆಯಲ್ಲ” ಎಂದೆ. ಅವನು ಮರುಮಾತಾಡದೆ ಚಪ್ಪಲಿ ಇಡುವ ಸ್ಟ್ಯಾಂಡಿನ ಮೇಲೆ ಟಿ.ವಿ. ಇರಿಸಿದ. ಅದನ್ನು ನಾನು ನೋಡಿದ್ದೆ. ಅಡ್ಡಿಯಿಲ್ಲ, ಅಚ್ಚುಕಟ್ಟಾಗಿದೆ ಎಂದೂ ಅಂದಿದ್ದೆ.

ಈ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದಾಗ ಮೇಲಿನಿಂದ ಧಡಲ್ ಎಂಬ ಸದ್ದು, ಹಿಂದೆಯೇ ಮಗುವಿನ ಚೀರಾಟ. ಈ ಮಂಡಿಗಳಲ್ಲಿ ಅಷ್ಟು ಬೇಗ ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಟಿ.ವಿ. ಮಕಾಡೆ ಬಿದ್ದಿತ್ತು. ಮಗು ಅದರ ತಂತಿಯನ್ನು ಹಿಡಿದು ಎದ್ದು ನಿಲ್ಲಲು ಹೋಗಿತ್ತಂತೆ. ಟಿ.ವಿ.ಯ ಅಂಚಿಗೂ ಮಗುವಿನ ತಲೆಗೂ ನಡುವೆ ಒಂದು ಗೇಣು ಅಂತರ. ಅದನ್ನು ನಾನು ಕಣ್ಣಿನಿಂದ ಅಳೆದೆ. ಆ ಹೆಣ್ಣುಮಗಳು ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡವಳು ಗಾಬರಿಯಿಂದ ಬಗ್ಗಿ ನೆಲ ಸವರಿ ನೋಡಿ ಹೇಳಿದಳು: “ಏನೂ ಆಗಿಲ್ರಿ ಸರ್ರ. ಟೈಲ್ಸಿಗೆ ಏನೂ ಆಗಿಲ್ಲ.”

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನನ್ನು ಕಂಡು ಒಬ್ಬ ತಾಯಿ ಮೊದಲು ಟೈಲ್ಸಿನ ಸಮಾಚಾರ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾಲೀಕರ ಮಾತಿನಲ್ಲಿ ಸತ್ಯವೇ ಇಲ್ಲವೆಂದು ವಾದಿಸಲಾರೆ. ನನ್ನ ಕೆಳಮನೆಯದು ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ. ಮೇಲಿನದು ಸಿಮೆಂಟ್ ಬ್ಲಾಕಿನದು, ಹೊರಗೋಡೆ ಆರು ಅಂಗುಲ, ಒಳಗಿನ ಅಡ್ಡಗೋಡೆ ನಾಲ್ಕೇ ಅಂಗುಲ. ನಾಲ್ಕು ಅಂಗುಲದ ಗೋಡೆಗೆ ಒರಟಾಗಿ ಡ್ರಿಲ್ ಇಟ್ಟರೆ ಆಚೆಯ ಕೋಣೆಯಲ್ಲಿ ಪ್ಲಾಸ್ಟರು ಎದ್ದುಬರುವುದುಂಟು. ಟೊಳ್ಳು ಬ್ಲಾಕಿನಲ್ಲಿ ತೂತು ಖಾಲಿ ಜಾಗಕ್ಕೆ ಹೋಗಿ ಬೆಣೆ ಹಿಡಿಯುವುದಿಲ್ಲ. ಈಗಿನ ಹಗುರ ಬ್ಲಾಕುಗಳಿಗೆ ಬೇರೆಯೇ ಬಗೆಯ ಬೆಣೆ ಬೇಕು. ವಿದ್ಯುತ್ತಿನ ಪೈಪು ಗೋಡೆಯೊಳಗೆ ಸಾಮಾನ್ಯವಾಗಿ ಸೂರಿನಿಂದ ಸ್ವಿಚ್ ಬೋರ್ಡಿಗೆ ನೆಟ್ಟಗೆ ಇಳಿಯುತ್ತದೆ. ಆ ಸಾಲಿನಲ್ಲಿ ಕೊರೆದರೆ ಪ್ರಾಣಕ್ಕೇ ಸಂಚಕಾರ. ಬಚ್ಚಲಿನ ಬೆನ್ನಿಗಿರುವ ಗೋಡೆಯಲ್ಲಿ ನೀರಿನ ಕೊಳವೆಯಿರುತ್ತದೆ. ಆದರೆ ಗಮನಿಸಿ: ಪೈಪು ಎಲ್ಲಿದೆ, ಬ್ಲಾಕು ಯಾವುದು ಎಂಬುದೆಲ್ಲ ಗೊತ್ತಿರುವುದು ಕಟ್ಟಿಸಿದವನಿಗೆ, ಮೊನ್ನೆ ಬಂದ ಬಾಡಿಗೆದಾರನಿಗಲ್ಲ. ತಿಳಿದವನು “ಬೇಡ” ಎಂದು ಬಾಗಿಲು ಹಾಕಿಕೊಂಡರೆ ಏನಾಗುತ್ತದೆ? ಕೇಳಿದವನು ಕೇಳಿ ಕೆಟ್ಟ; ಕೇಳದವನು ಭಾನುವಾರ ಮಾಲೀಕರು ಊರಿಗೆ ಹೋದಾಗ ಕದ್ದು ಕೊರೆಸುತ್ತಾನೆ, ಅದೂ ಸ್ವಿಚ್ಚಿನ ನೇರಕ್ಕೆ! ಗೋಡೆ ಹಾಳಾಗುವುದು ಒಪ್ಪಿಗೆಯಿಂದಲ್ಲ, ಹೆಚ್ಚಿನ ಪಾಲು ನಿರಾಕರಣೆಯಿಂದ. ಇದೇ ಬೀದಿಯಲ್ಲಿ ಕೇಬಲ್ಲಿನವನು ಯಾರನ್ನೂ ಕೇಳದೆ ಕಿಟಕಿಯ ಚೌಕಟ್ಟಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು ಮಾಡಿ ಹೋದಾಗ ನಮ್ಮಲ್ಲಿ ಯಾರೂ ಚಕಾರ ಎತ್ತಿರಲಿಲ್ಲ. ಮೆಟ್ರೋದ ಗುಲಾಬಿ ಮಾರ್ಗದ ಕಂಬಗಳಿಗೆ ಭೂಮಿ ಕೊರೆಯುತ್ತಿದ್ದಾಗ ಕಿಟಕಿಯ ಗಾಜುಗಳು ಗಲಗಲ ಅಂದರೂ ಸೈರಿಸಿಕೊಂಡೆವು. ನಮ್ಮ ಪೌರುಷವೆಲ್ಲ ಬಾಡಿಗೆದಾರನ ಎಂಟು ಮಿಲಿಮೀಟರ್ ತೂತಿನ ಮುಂದೆ.

ಮರುದಿನವೇ ನಮ್ಮ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಮೇಲ್ಮನೆಯ ಹಜಾರದಲ್ಲಿ ಪೈಪು ಇಳಿದಿರುವ ಸಾಲನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಅದರಿಂದ ಮೂರಡಿ ಆಚೆ, ಆರು ಅಂಗುಲದ ಹೊರಗೋಡೆಗೆ, ಮುಕ್ಕಾಲು ಅಂಗುಲ ದಪ್ಪದ ಒಂದು ಪ್ಲೈವುಡ್ ಹಲಗೆಯನ್ನು ಆರು ಸ್ಕ್ರೂಗಳಿಂದ ಬಿಗಿಸಿದೆವು. ಗೋಡೆಯದೇ ಬಣ್ಣ ಬಳಿದೆವು. ಟಿ.ವಿ.ಯ ಬೆನ್ನಿನ ತೂತುಗಳ ಅಂತರಕ್ಕೆ ವೇಸಾ ಎಂಬ ಒಂದು ಅಳತೆಯಿದೆ, 200 ಮಿಲಿಮೀಟರ್, 400 ಮಿಲಿಮೀಟರ್ ಹೀಗೆ. ಒಬ್ಬರ ಟಿ.ವಿ.ಯ ಕಬ್ಬಿಣದ ಪಟ್ಟಿ ಇನ್ನೊಬ್ಬರದಕ್ಕೆ ಹೊಂದದೆ ಪ್ರತಿ ಬಾಡಿಗೆದಾರನೂ ಹೊಸದಾಗಿ ಕೊರೆಯುವುದು ಇದರಿಂದಲೇ. ಇನ್ನು ಮುಂದೆ ಯಾರು ಬಂದರೂ ಕೊರೆಯುವುದು ಹಲಗೆಯನ್ನು, ಗೋಡೆಯನ್ನಲ್ಲ. ಹಲಗೆ ತೂತುಗಳಿಂದ ಜಾಳಾದರೆ ಬದಲಾಯಿಸಿದರಾಯಿತು. ಒಟ್ಟು ಖರ್ಚು 1,900 ರೂಪಾಯಿ. ನನಗೆ ಅವರ ಅಡ್ವಾನ್ಸಿನಿಂದ ಬರುವ ಮೂರು ತಿಂಗಳ ಬಡ್ಡಿಯೂ ಅದಕ್ಕಿಂತ ಹೆಚ್ಚು. ನಾಗಂದಿಗೆಯ ಮರಿಯೊಂದು ಹಜಾರಕ್ಕೆ ಬಂದಂತಾಯಿತು.

ಟಿ.ವಿ. ಮೇಲೇರಿದ ಮೇಲೆ ಆ ಹುಡುಗ ಸಂಕೋಚದಿಂದ ಕೇಳಿದ, ಪಕ್ಕದಲ್ಲಿ ತೀರಿಹೋದ ಅವರಪ್ಪನ ಫೋಟೋಗೆ ಒಂದು ಮೊಳೆ ಹೊಡೆಯಬಹುದೇ ಎಂದು. ಎರಡು ವರ್ಷ ಆ ಫೋಟೋ ಬೀರುವಿನ ಮೇಲೆ ಮಲಗಿತ್ತಂತೆ.

ಕರಾರು ಮುಗಿದಿದ್ದರಿಂದ ಹೋದ ವಾರ ಹೊಸದನ್ನು ಮಾಡಿಸಲು ಬೆರಳಚ್ಚಿನ ಅಂಗಡಿಗೆ ಹೋಗಿದ್ದೆ. ಮೊಳೆಯ ಕಲಮನ್ನು ತೆಗೆಯಪ್ಪಾ, ಅದರ ಜಾಗದಲ್ಲಿ ‘ಮಾಲೀಕರು ತೋರಿಸಿದ ಜಾಗದಲ್ಲಿ ಟಿ.ವಿ., ಪಟ ಮುಂತಾದವನ್ನು ಹಾಕಿಕೊಳ್ಳಬಹುದು. ಮನೆ ಬಿಡುವಾಗ ತೂತು ಮುಚ್ಚಬೇಕು. ಇದಕ್ಕಾಗಿ ಬೇರೆ ಹಣ ಹಿಡಿಯತಕ್ಕದ್ದಲ್ಲ’ ಎಂದು ಹಾಕು ಎಂದೆ. ಬಣ್ಣದ ಒಂದು ತಿಂಗಳ ಬಾಡಿಗೆಯ ಸಾಲನ್ನೂ ಹೊಡೆದುಹಾಕಿಸಿದೆ. ಅಂಗಡಿಯಾತ ಕೀಲಿಮಣೆಯಿಂದ ಕೈ ತೆಗೆದು ನನ್ನನ್ನು ನೋಡಿದ. “ಮೇಷ್ಟ್ರೇ, ಅದು ಎಲ್ಲರ ಅಗ್ರಿಮೆಂಟಲ್ಲೂ ಇರೋದೇ. ನೀವು ಬಾಡಿಗೆಯವರ ಕಡೆಯವ್ರಾ, ಓನರ್ ಕಡೆಯವ್ರಾ?” ಎಂದ. ಓನರು ನಾನೇ ಎಂದೆ. ಅವನು ಇನ್ನೊಮ್ಮೆ ಕೇಳಿ ಖಾತ್ರಿಪಡಿಸಿಕೊಂಡು, ನೂರು ರೂಪಾಯಿ ಹೆಚ್ಚಿಗೆ ಆಗುತ್ತದೆ ಎಂದು ಹೇಳಿ, ಟೈಪು ಮಾಡತೊಡಗಿದ.